ರುಮಾಲೆಯವರ ಹೂಮರಗಳು

ಪಟ್ಟಣವೆಂದೊಡನೆ ನಮ್ಮ ಭಾಗದವರ ಕಣ್ಣಿಗೆ ಕಟ್ಟುವುದು ಬಸ್ ನಿಲ್ದಾಣ, ಅಂಗಡಿಸಾಲು, ಧೂಳು. ಗಿಡಮರಗಳೇನಿದ್ದರೂ ಊರಾಚೆಯವು ಎಂಬುದು ರೂಢಿಯ ನಂಬಿಕೆ. ಈ ನಂಬಿಕೆಯನ್ನು ಅಲುಗಿಸಿದ ಚಿತ್ರಕಾರರಲ್ಲಿ ರುಮಾಲೆ ಚನ್ನಬಸವಯ್ಯನವರು ಮುಖ್ಯರು.

1910ರಲ್ಲಿ ದೊಡ್ಡಬಳ್ಳಾಪುರದಲ್ಲಿ ಜನಿಸಿದ ರುಮಾಲೆಯವರು ಚಿತ್ರಕಲೆಯನ್ನು ಕಲಿತವರಾದರೂ ಸ್ವಾತಂತ್ರ್ಯ ಚಳವಳಿಗೆ ಧುಮುಕಿ ಕುಂಚವನ್ನು ಬದಿಗಿರಿಸಿದರು. ಪೂರ್ಣಮನಸ್ಸಿನಿಂದ ಮತ್ತೆ ಬಣ್ಣದತ್ತ ತಿರುಗಿದಾಗ ಅವರ ವಯಸ್ಸು ಐವತ್ತರ ಆಸುಪಾಸು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೆ ಅವರು ಬೆಂಗಳೂರಿನ ಹೂಮರಗಳ ಬೆನ್ನುಹತ್ತಿದರು. ಮರವಿದ್ದೆಡೆಗೇ ಹೋಗಿ, ಅದರೆದುರು ನಿಂತು ಬರೆಯುವುದು ಅವರ ಪದ್ಧತಿ. ಅವರ ತೈಲಚಿತ್ರವನ್ನು ಹತ್ತಿರದಿಂದ ನೋಡಿದರೆ ಕಾಣುವುದು ದಟ್ಟವಾಗಿ ಮೆತ್ತಿದ ಬಣ್ಣದ ತುಣುಕುಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಗುಲ್‌ಮೊಹರ್ ಕೆಂಪಾಗಿ ಉರಿಯತೊಡಗುತ್ತದೆ. ರಸ್ತೆ, ಕಟ್ಟಡಗಳು ಅಲ್ಲಿ ಮರಕ್ಕೆ ಒಡ್ಡೋಲಗ ನೀಡುವ ಪರಿವಾರದಂತೆ.

ಈ ಮರಗಳಲ್ಲಿ ಎಷ್ಟೋ ಪರದೇಶದವು. ಗುಲ್‌ಮೊಹರ್ ಮಡಗಾಸ್ಕರದ್ದು, ನೀಲಿ ಹೂವಿನ ಜಕರಂದ ದಕ್ಷಿಣ ಅಮೆರಿಕದ್ದು. ಒಂದರ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಲ್ಲಿ ಮರಗಳನ್ನು ಹಬ್ಬಿಸಿದವರು ಜರ್ಮನಿಯಿಂದ ಬಂದ ತೋಟಗಾರಿಕಾ ತಜ್ಞ ಕ್ರುಂಬಿಗಲ್. ಮುಂದೆ ರಸ್ತೆ ಅಗಲೀಕರಣಕ್ಕೆ ಆ ನಗರದಲ್ಲಿ ಅಸಂಖ್ಯ ಮರಗಳು ಉರುಳಿದವು. ಹೀಗಾಗಿ ಸೊಬಗಿಗಾಗಿ ಬರೆದ ಚಿತ್ರಗಳು ಈಗ ಸಾಕ್ಷಿಯೂ ಆಗಿವೆ. ರಾಜಾಜಿನಗರದ ರುಮಾಲೆ ಭವನ ಅವನ್ನು ಕಾಪಾಡಿಕೊಂಡು ಬಂದಿದೆ.

ದಾರಿಯ ಮರಕ್ಕೆ ನಮ್ಮಲ್ಲೂ ಹಳೆಯ ನಂಟಿದೆ. ದಾರಿಗಳಲ್ಲಿ ನೆರಳಿಗಾಗಿ ಆಲದ ಮರ ನೆಡಿಸಿದೆನೆಂದು ಅಶೋಕನು ದೆಹಲಿ-ತೋಪ್ರಾ ಸ್ತಂಭದಲ್ಲಿ ಹೇಳಿಕೊಂಡಿದ್ದಾನೆ. 1915ರಲ್ಲಿ ದೊರೆತ ನಮ್ಮ ಮಸ್ಕಿಯ ಶಾಸನದಲ್ಲಿ ಆ ಮಾತಿಲ್ಲ. ಅವನ ಹೆಸರು ಮಾತ್ರ ಸ್ಪಷ್ಟವಾಗಿದೆ. ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಬೇಸಿಗೆಯಲ್ಲಿ ಹೋದವರಿಗೆ ಒಂದು ಬೇವಿನ ನೆರಳಿನ ಬೆಲೆ ತಿಳಿದೇ ಇರುತ್ತದೆ.

ತರಗತಿಯಲ್ಲಿ ನಾನು 'ನಮ್ಮೂರು' ಎಂಬ ಚಿತ್ರ ಬರೆಯಲು ಹೇಳಿದಾಗಲೆಲ್ಲ ಮಕ್ಕಳು ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಹೊಳೆ, ದಂಡೆಗೆ ತೆಂಗಿನ ಮರ ಬರೆಯುತ್ತಿದ್ದರು. ಇದು ಯಾರೂ ನೋಡದ ಊರು. ಆದರೂ ಎಲ್ಲರಿಗೂ ಬಾಯಿಪಾಠ. ಒಮ್ಮೆ ಒಬ್ಬ ಹುಡುಗಿ ಮಾತ್ರ ಚಹದ ಅಂಗಡಿಯ ಮುಂದಿನ ಬೇವಿನ ಗಿಡವನ್ನು ಬರೆದಿದ್ದಳು. (ನಮ್ಮ ಕಡೆ ಹೆಮ್ಮರಕ್ಕೂ ಗಿಡವೆಂದೇ ಹೆಸರು.) ಅದರ ಒಂದು ಮಗ್ಗುಲಿಗೆ ಟೊಂಗೆಗಳೇ ಇರಲಿಲ್ಲ. ಪೂರ್ತಿ ಬರೆಯಲಿಲ್ಲವೇಕೆಂದು ವಿಚಾರಿಸಿದೆ.

"ಪೂರ್ತಿನ ಬರದೀನ್ರಿ ಸರ್. ವೈರಿಗೆ ಬಡೀತಾವಂತ ಆ ಕಡೆ ಟೊಂಗಿ ಕಡದಾರ್ರಿ" ಎಂದಳು.