ಜ್ವರಕ್ಕ ಕೂತ ಹುಳಕ್ಕ ಕೈ ಹಚ್ಚಬ್ಯಾಡ್ರಿ

ರೇಷ್ಮೆ ಹುಳಕ್ಕ 'ಜ್ವರ' ಅಂದ್ರ ಹೊಸಬರು ಗಾಬರಿ ಆಗ್ತಾರ. ಇದು ರೋಗ ಅಲ್ರಿ, ಚರ್ಮ ಬದಲಿಸೋ ಹೊತ್ತು. ಮೈ ಬೆಳಿತೈತಿ, ಹಳೇ ಚರ್ಮ ಅಷ್ಟು ಹಿಗ್ಗೂದಿಲ್ಲ. ಗೂಡು ಕಟ್ಟೋದರೊಳಗ ನಾಲ್ಕು ಸಲ ಅದನ್ನ ಕಳಚಬೇಕು. ಎರಡು ಜ್ವರ ಚಾಕಿ ಕೇಂದ್ರದಾಗ ಮುಗಿದಿರ್ತಾವ. ಮೂರನೇದು, ನಾಲ್ಕನೇದು ನಮ್ಮ ಪಾಲಿಗೆ.

ಚಿಕ್ಕಪಡಸಲಗಿ ಅಂದ್ರ ಕೃಷ್ಣಾ ನದಿಗೆ 1989ರಾಗ ರೈತರೇ ಕಟ್ಟಿಕೊಂಡ ಬ್ಯಾರೇಜ್ ಎಲ್ಲರಿಗೂ ನೆನಪಾಗ್ತೈತಿ. ನೀರು ಬಂತು, ಕಬ್ಬು ಬಂತು. ಆ ಕಬ್ಬಿನ ನಡುವ ನಂದು ಒಂದು ಎಕರೆ ಹಿಪ್ಪುನೇರಳೆ. ಹೊಲಕ್ಕ ನೀರೇನೋ ಐತಿ, ಆದ್ರ ಬ್ಯಾಸಿಗಿ ಒಣಗಾಳಿ ಹುಳದ ಮನಿಗೆ ನುಗ್ಗಿದ್ರ ಯಾವ ಬ್ಯಾರೇಜೂ ತಡಿಯಂಗಿಲ್ಲ.

ಈ ಸಲ 100 ಮೊಟ್ಟಿ ಬ್ಯಾಚು. ನಾಲ್ಕನೇ ಜ್ವರಕ್ಕ ಕೂತಾಗ ಹೊರಗ 40 ಡಿಗ್ರಿ ಬಿಸಿಲು. ಕಿಡಕಿ ಕಡೆ ಸ್ಟ್ಯಾಂಡಿನಾಗ ಕೆಲವು ಹುಳದ ಚರ್ಮ ಅರ್ಧ ಮೈಗೆ ಬಂದು ನಿಂತಿತ್ತು. "ಪಾಪ, ಬೆರಳಿಲೆ ಬಿಡಸಪಾ" ಅಂದಳು ಅವ್ವ.

ಬಿಡಸಬಾರದು. ಜ್ವರಕ್ಕ ಕೂಡೋ ಮುಂದ ಹುಳ ಸಣ್ಣ ರೇಷ್ಮೆ ಎಳಿ ಬಿಟ್ಟು ಹಿಂದಿನ ಕಾಲು ಹಾಸಿಗಿಗೆ ಬಿಗಿತೈತಿ. ಹಳೇ ಚರ್ಮ ಅಲ್ಲೇ ಹಿಡಕೊಂಡಿರ್ತೈತಿ, ಹುಳ ಅದರೊಳಗಿಂದ ಮುಂದಕ್ಕ ನಡದು ಹೊರಗ ಬರ್ತೈತಿ. ನಾವು ಎತ್ತಿದ್ರ ಆ ಹಿಡಿತ ಹೋತು. ಗಾಳಿ ಅತಿ ಒಣಗಿದ್ರ ಚರ್ಮ ಕಳಚೋದು ಕಷ್ಟ, ಹಂಗಂತ ಹಾಸಿಗಿ ಹಸಿ ಇದ್ರ ರೋಗ. ಹಾಸಿಗಿ ಒಣ ಇರಬೇಕು, ಮನಿ ತಂಪಿರಬೇಕು.

ಗೋಣಿಚೀಲ ತೋಯಿಸಿ ಕಿಡಕಿಗೆ ಕಟ್ಟಿದ್ವಿ, ನೆಲಕ್ಕ ನೀರು ಹೊಡದ್ವಿ. ಹುಳ ಕೂತಾಗಲೇ ಹಾಸಿಗಿ ಮ್ಯಾಲ ಸುಣ್ಣದ ಪುಡಿ ಉದುರಿಸಿದ್ದೆ. ಉಳಿದ ಸೊಪ್ಪು ಒಣಗಿ, ಮೊದಲು ಎದ್ದವು ತಿನ್ನಬಾರದು ಅಂತ.

ಮರುದಿನ ಎದ್ದವು ತಲಿ ಎತ್ತಿ ಸೊಪ್ಪು ಹುಡುಕಾಕ ಹತ್ತಿದ್ವು. ನೋಡಿದ್ರ ಹೊಟ್ಟಿ ಚುರ್ ಅಂತೈತಿ. ಆದ್ರ ಈಗ ಹಾಕಿದ್ರ ಅವು ಮುಂದ ಹೋಗ್ತಾವ, ಏಳದವು ಸೊಪ್ಪಿನ ಕೆಳಗ ಹೂತು ಹೋಗ್ತಾವ. ಮುಂದ ಎಲ್ಲಾ ಒಮ್ಮೆಲೆ ಹಣ್ಣಾಗಿ ಚಂದ್ರಿಕಿ ಏರೂದಿಲ್ಲ. ನೂರಕ್ಕ 95 ಏಳೋತನಕ ಕಾದೆ.

ಸಂಜಿಗೆ ಕಿಡಕಿ ಕಡೆ ಹುಳದಾಗ ಹೆಚ್ಚಿನವು ತಾವೇ ಹೊರಗ ಬಂದ್ವು. ಆಗದೇ ಉಳಿದದ್ದು ಒಂದು ಬೊಗಸಿ. ಅವನ್ನ ಆರಿಸಿ ಬ್ಲೀಚಿಂಗ್ ಪುಡಿ ನೀರಿಗೆ ಹಾಕಿದೆ. ಅವ್ವ ಆ ಕಡೆ ನೋಡಲಿಲ್ಲ.

ಆಮ್ಯಾಲ ಸೋಂಕು ನಿವಾರಕ ಪುಡಿ ಉದುರಿಸಿ, ಅರ್ಧ ತಾಸು ಬಿಟ್ಟು ಸೊಪ್ಪು ಕೊಟ್ಟೆ. ಒಟ್ಟು ಸೊಪ್ಪಿನಾಗ ನೂರಕ್ಕ 80ರ ಮ್ಯಾಲ ತಿನ್ನೋದು ಈ ಜ್ವರ ಎದ್ದ ಮ್ಯಾಲೇ. ಗೂಡಿನ ತೂಕ ಬರೋದೂ ಇಲ್ಲಿಂದನೇ.

ಬಾಗಲಕೋಟಿ, ವಿಜಯಪುರ ಕಡೆ ಬ್ಯಾಸಿಗ್ಯಾಗ ಹುಳ ಸಾಕೋರು ಮನಿ ಹೆಂಗ ತಂಪು ಇಡ್ತೀರಿ? ಬರೀರಿ, ಮುಂದಿನ ಬ್ಯಾಚಿಗೆ ಉಪಯೋಗ ಆಗ್ತೈತಿ.