ಪಂಚಾಯ್ತಿಗೆ ಬಂದ ಕೇಬಲ್ ಊರಿಗೆ ಬರೋದು ಯಾವಾಗ?

‘ಎಲ್ಲಾರ ಕೈಯಾಗೂ ಮೊಬೈಲ್ ಐತಿ. ಮತ್ತ ಊರಿಗೊಂದು ಸಾರ್ವಜನಿಕ ಇಂಟರ್‌ನೆಟ್ ಯಾಕ ಬೇಕು ತಮ್ಮಾ?’

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆ ಯಾವ ಊರಿನ ಕಟ್ಟೆಯ ಮೇಲೆ ಈ ಮಾತು ತೆಗೆದರೂ ಯಾರಾದರೊಬ್ಬರು ಹೀಗೆ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ. ನೀವೂ ಇದನ್ನು ಮೊಬೈಲ್‌ನಲ್ಲೇ ಓದುತ್ತಿದ್ದೀರಿ. ಆದರೆ ಫೋನ್ ಇರುವುದು ಬೇರೆ, ಕೆಲಸ ಆಗುವುದು ಬೇರೆ.

ನಮ್ಮ ಓಣಿಯ ಒಬ್ಬ ಹುಡುಗಿಯ ಉದಾಹರಣೆ ಹೇಳುತ್ತೇನೆ. ಪಿಯುಸಿ ಓದುತ್ತಿದ್ದಳು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕಿತ್ತು. ಮನೆಯಲ್ಲಿದ್ದ ಒಂದೇ ದೊಡ್ಡ ಫೋನ್ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಜಾತಿ-ಆದಾಯ ಪತ್ರದ ಆರ್‌ಡಿ ನಂಬರ್, ಅಂಕಪಟ್ಟಿ, ಪಾಸ್‌ಬುಕ್ ಎಲ್ಲ ಚೀಲಕ್ಕೆ ಹಾಕಿಕೊಂಡು ತಾಯಿ-ಮಗಳು ತಾಲ್ಲೂಕಿಗೆ ಹೋದರು. ಸೇವಾ ಕೇಂದ್ರದಲ್ಲಿ ಪಾಳಿ ಬಂದಾಗ ಓಟಿಪಿ ಹೋಗಿದ್ದು ಆಧಾರ್‌ಗೆ ಜೋಡಿಸಿದ ಅಪ್ಪನ ನಂಬರಿಗೆ. ಅಪ್ಪ ಗೋವಿನಜೋಳದ ಹೊಲದಲ್ಲಿ. ಅಲ್ಲಿ ಸಿಗ್ನಲ್ ಇಲ್ಲ. ಹತ್ತು ನಿಮಿಷಕ್ಕೆ ಓಟಿಪಿ ಅವಧಿ ಮುಗಿಯಿತು. ಎರಡನೇ ಸಲ ಹೋದಾಗ ‘ಸರ್ವರ್ ಡೌನ್ ಐತ್ರಿ, ನಾಳಿ ಬರ್ರಿ’ ಅಂದರು. ಮೂರನೇ ಸಲಕ್ಕೆ ಅರ್ಜಿ ಹೋಯಿತು.

ಹೆಣ್ಣುಮಕ್ಕಳಿಗೆ ಬಸ್ಸೇನೋ ಪುಕ್ಕಟೆ. ದಿನ ಪುಕ್ಕಟೆ ಅಲ್ಲ. ಆ ತಾಯಿ ಮೂರು ದಿನದ ಕಳೆ ತೆಗೆಯುವ ಕೂಲಿ ಬಿಟ್ಟಿದ್ದರು. ಅದೇ ಕೆಲಸ ಊರಲ್ಲೇ ಆಗಿದ್ದರೆ, ತಮ್ಮನನ್ನು ಸೈಕಲ್ ಮೇಲೆ ಓಡಿಸಿ ಅಪ್ಪನನ್ನು ಫೋನ್ ಸಮೇತ ಕರೆಸಬಹುದಿತ್ತು. ಊರೊಳಗೆ ಇಂಟರ್‌ನೆಟ್ ಬೇಕು ಅನ್ನುವುದು ಇದಕ್ಕೇ.

ಇದು ಒಬ್ಬಳ ಕಥೆಯಲ್ಲ. 2000ನೇ ಇಸವಿಯ ಹೊತ್ತಿಗೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರ್‌ಗೆ ಹೋಯಿತು. ಆಗ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಸಿಗುತ್ತಿತ್ತು. ಅಲ್ಲಿಂದ ಇಲ್ಲಿಗೆ ರೇಷನ್ ಹೆಬ್ಬೆಟ್ಟು, ಬೆಳೆವಿಮೆ, ರೈತರ ಫ್ರೂಟ್ಸ್ ಐಡಿ, ಪಿಂಚಣಿ ಎಲ್ಲವೂ ಆನ್‌ಲೈನ್ ಆಗಿವೆ. ಉದ್ಯೋಗ ಖಾತ್ರಿ ಕೂಲಿಕಾರರ ಹಾಜರಿಯನ್ನೂ 2023ರ ಜನವರಿ 1ರಿಂದ ಆ್ಯಪ್‌ನಲ್ಲೇ, ದಿನಕ್ಕೆ ಎರಡು ಸಲ ಫೋಟೊ ತೆಗೆದು ಹಾಕುವುದು ಕಡ್ಡಾಯವಾಯಿತು. ಕೆರೆಯಂಗಳದಲ್ಲಿ ಮಣ್ಣು ಹೊತ್ತವರು ಫೋಟೊ ಅಪ್‌ಲೋಡ್ ಆಯಿತೋ ಇಲ್ಲವೋ ಎಂದು ಮೇಟಿಯ ಮುಖ ನೋಡುವ ಕಾಲ ಬಂತು. ಸರ್ಕಾರ ತನ್ನ ಬಾಗಿಲನ್ನು ಇಂಟರ್‌ನೆಟ್ ಒಳಗೆ ಇಟ್ಟ ಮೇಲೆ, ಆ ಬಾಗಿಲ ತನಕ ಹೋಗುವ ದಾರಿಯನ್ನೂ ಸರ್ಕಾರವೇ ಮಾಡಿಕೊಡಬೇಕಲ್ಲವೇ?

ದಾರಿ ಅರ್ಧ ಆಗಿದೆ. ಅದು ನಮ್ಮ ಬಹಳ ಜನಕ್ಕೆ ಗೊತ್ತಿಲ್ಲ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಆಪ್ಟಿಕಲ್ ಫೈಬರ್ ಕೇಬಲ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ‘ಭಾರತ್‌ನೆಟ್’ ಎಂದು ಹೆಸರಾಯಿತು. ಪ್ರತಿ ಪಂಚಾಯ್ತಿಗೆ 100 ಎಂಬಿಪಿಎಸ್ ವೇಗ ಕೊಡುವುದು ಅದರ ಗುರಿ. ಆದರೆ ಕೇಬಲ್ ನಿಲ್ಲುವುದು ಪಂಚಾಯ್ತಿ ಕಚೇರಿಯಲ್ಲಿ. ಅಲ್ಲಿಂದ ಶಾಲೆ, ಅಂಗಡಿ, ಮನೆಗೆ ಒಯ್ಯುವ ಕೆಲಸ ಹಿಂದೆ ಬಿದ್ದಿದೆ. ತುಂಗಾ ಮೇಲ್ದಂಡೆ ಕಾಲುವೆ ನೋಡಿದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಕಾಲುವೆ ಬಂದರಷ್ಟೇ ಪೈರು ಹಸಿರಾಗುವುದಿಲ್ಲ, ಹೊಲಗಾಲುವೆ ತೆಗೆಯಬೇಕು.

ಹೊಲಗಾಲುವೆ ತೆಗೆಯುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ತಯಾರಿಸಿದ ಮೊದಲ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾಗಿದ್ದು 1986ರಲ್ಲಿ, ನಮ್ಮ ಉತ್ತರ ಕರ್ನಾಟಕದ ಕಿತ್ತೂರಿನಲ್ಲಿ. ಆಮೇಲೆ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್‌ಗಳು ಬಂದವು. ಮನೆಯಲ್ಲಿ ಫೋನ್ ಇಲ್ಲದವರೂ ಮಾತಾಡಿದರು, ಬೂತ್ ಇಟ್ಟವರ ಹೊಟ್ಟೆಯೂ ತುಂಬಿತು.

ಅದೇ ಲೆಕ್ಕದ ಯೋಜನೆ ಇಂಟರ್‌ನೆಟ್‌ಗೂ ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಸಂಪುಟ ಒಪ್ಪಿದ ‘ಪಿಎಂ-ವಾಣಿ’. ಕಿರಾಣಿ ಅಂಗಡಿಯವರು, ಚಹಾದಂಗಡಿಯವರು ಲೈಸೆನ್ಸ್ ಇಲ್ಲದೆ, ಲೈಸೆನ್ಸ್ ಶುಲ್ಕ ಕಟ್ಟದೆ ವೈಫೈ ಇಟ್ಟು, ಸಣ್ಣ ಸಣ್ಣ ಮೊತ್ತಕ್ಕೆ ಡೇಟಾ ಮಾರಬಹುದು. ಸವಣೂರಿನ ಎಲೆ ಅಡಿಕೆ ಅಂಗಡಿಯಲ್ಲಿ ಎಲೆಯ ಜೊತೆ ಇಂಟರ್‌ನೆಟ್ಟೂ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಪುಕ್ಕಟೆ ವೈಫೈ ಕೊಟ್ಟರೆ ಹುಡುಗರು ಬರೀ ರೀಲ್ಸ್ ನೋಡುತ್ತಾರೆ, ಗೇಮ್ ಆಡಿ ದುಡ್ಡು ಕಳೆಯುತ್ತಾರೆ ಅನ್ನುವವರಿದ್ದಾರೆ. ಭಯ ಸುಳ್ಳಲ್ಲ. ಆದರೆ ಎರ್ನಾಕುಲಂ ರೈಲು ನಿಲ್ದಾಣದ ಒಬ್ಬ ಹಮಾಲಿಯ ಸುದ್ದಿಯೂ ಸುಳ್ಳಲ್ಲ. ಸಾಮಾನು ಹೊರುತ್ತಲೇ, ನಿಲ್ದಾಣದ ವೈಫೈಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳಿ, 2018ರಲ್ಲಿ ಕೇರಳ ಲೋಕಸೇವಾ ಆಯೋಗದ ಲಿಖಿತ ಪರೀಕ್ಷೆ ಪಾಸಾದರು. ಹಾನಗಲ್, ಶಿಗ್ಗಾವಿ, ಹಿರೇಕೆರೂರು ಪಟ್ಟಣಗಳಿಗೆ ರೈಲೇ ಇಲ್ಲ, ರೈಲಿನ ವೈಫೈ ಎಲ್ಲಿಂದ ಬರಬೇಕು? ನಮ್ಮ ಪೊಲೀಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಊರಿನ ಗ್ರಂಥಾಲಯವೇ ನಿಲ್ದಾಣ ಆಗಬೇಕು. ಪಂಚಾಯ್ತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಕೆಲವು ಕಡೆ ಕಂಪ್ಯೂಟರ್ ಬಂದಿವೆ. ಹತ್ತು ಜನ ಕಾಣುವಂತೆ ಕುಳಿತು ಬಳಸುವ ಜಾಗದಲ್ಲಿ ದಾರಿ ತಪ್ಪುವುದೂ ಕಡಿಮೆ. ಮನೆಯಲ್ಲಿ ಫೋನ್ ಕೈಗೆ ಸಿಗದ ಹೆಣ್ಣುಮಕ್ಕಳಿಗೆ ಅದು ಎಲ್ಲರೂ ಒಪ್ಪುವ ಜಾಗವೂ ಹೌದು.

ಹಾಗಾದರೆ ನಾವು ಏನು ಮಾಡಬೇಕು? ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಗಟಾರು, ಬೀದಿದೀಪದ ಜೊತೆ ಈ ಮೂರನ್ನೂ ಕೇಳಿ.

ಒಂದು: ನಮ್ಮ ಪಂಚಾಯ್ತಿಗೆ ಭಾರತ್‌ನೆಟ್ ಕೇಬಲ್ ಬಂದಿದೆಯೇ? ಇವತ್ತು ಅದು ನಡೆಯುತ್ತಿದೆಯೇ?

ಎರಡು: ರಸ್ತೆಗೋ ನೀರಿನ ಪೈಪಿಗೋ ಅಗೆದಾಗ ಕೇಬಲ್ ಕತ್ತರಿಸಿದರೆ ಜೋಡಿಸುವವರು ಯಾರು? ಎಷ್ಟು ದಿನದಲ್ಲಿ?

ಮೂರು: ಅರಿವು ಕೇಂದ್ರಕ್ಕೆ ಆ ಸಂಪರ್ಕ ಕೊಟ್ಟು, ಕೂಲಿ ಮತ್ತು ಕಾಲೇಜು ಮುಗಿಸಿ ಬಂದವರಿಗೆ ಸಂಜೆ ಹೊತ್ತು ತೆರೆದಿಡುತ್ತೀರಾ?

ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬಾಯಿಮಾತಿನ ಉತ್ತರ ಮುಂದಿನ ಸಭೆಗೆ ಉಳಿಯುವುದಿಲ್ಲ. ಹಾರಿಕೆಯ ಉತ್ತರ ಬಂದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಶುಲ್ಕವೂ ಇಲ್ಲ.

ಇನ್ನೊಂದು ಮಾತು. ಸೇವಾ ಕೇಂದ್ರವಿರಲಿ, ಅಂಗಡಿಯ ವೈಫೈ ಇರಲಿ, ಕೆಲಸ ಮುಗಿದ ಮೇಲೆ ಲಾಗೌಟ್ ಮಾಡಿಸಿ. ಆಧಾರ್ ಝೆರಾಕ್ಸ್ ಅಲ್ಲೇ ಬಿಟ್ಟು ಬರಬೇಡಿ. ಬ್ಯಾಂಕಿನ ಓಟಿಪಿಯನ್ನು ಯಾರಿಗೂ ಹೇಳಬೇಡಿ, ಎಷ್ಟೇ ಪರಿಚಯದವರಾದರೂ.

ನಿಮ್ಮ ಪಂಚಾಯ್ತಿಯಲ್ಲಿ ಈ ಮೂರು ಪ್ರಶ್ನೆಗೆ ಏನು ಉತ್ತರ ಸಿಕ್ಕಿತು ಎಂದು ನಮಗೂ ತಿಳಿಸಿ. ಒಂದೂರಿಗೆ ಸಿಕ್ಕಿದ್ದು ಗೊತ್ತಾದರೆ ಪಕ್ಕದೂರಿನವರು ಕೇಳುವುದಕ್ಕೆ ಧೈರ್ಯ ಬರುತ್ತದೆ.