ಮೊಮ್ಮಗಳನ್ನು ನೋಡಲು ಕಮಲಾಪುರದಿಂದ ಕಲಬುರಗಿಗೆ

ತಿಂಗಳ ಎರಡನೇ ರವಿವಾರ ಬಂತೆಂದರೆ ನಮ್ಮ ಅವ್ವ ನಸುಕಿನಲ್ಲೇ ಏಳುತ್ತಾಳೆ. ರೊಟ್ಟಿ ಬಡಿಯುತ್ತಾಳೆ, ಶೇಂಗಾ ಹಿಂಡಿ ಡಬ್ಬಿಗೆ ತುಂಬುತ್ತಾಳೆ. ನಮ್ಮೂರ ಕೆಂಪು ಬಾಳೆಹಣ್ಣು ನಾಲ್ಕೈದು ಟವೆಲಿನಲ್ಲಿ ಸುತ್ತಿ ಚೀಲದಲ್ಲಿ ಇಡುತ್ತಾಳೆ. ಆಧಾರ್ ಕಾರ್ಡ್ ಇದೆಯಾ ಅಂತ ಎರಡು ಸಲ ನೋಡಿಕೊಳ್ಳುತ್ತಾಳೆ. ಆಮೇಲೆ ಅಪ್ಪನೂ ಅವಳೂ ಹುಮನಾಬಾದ್ ಕಡೆಯಿಂದ ಬರುವ ಬಸ್ಸು ಹಿಡಿದು ಕಲಬುರಗಿಗೆ ಹೋಗುತ್ತಾರೆ.

ಅವ್ವನಿಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್. ಅಪ್ಪ ರೊಕ್ಕ ಕೊಡಬೇಕು. "ನೀ ಪುಕ್ಕಟ ಹೋಗಿ ಮಾತಾಡಸ್ತಿ, ನಾ ರೊಕ್ಕ ಕೊಟ್ಟು ಸುಮ್ನ ಕೂಡ್ತೀನಿ" ಅಂತ ಅಪ್ಪ ಪ್ರತಿ ಸಲ ಅನ್ನುತ್ತಾನೆ. ಮೊಮ್ಮಗಳ ಮುಂದೆ ಅವನಿಗೆ ಮಾತೇ ಹೊರಡುವುದಿಲ್ಲ, ಅದು ನಿಜ.

ಈ ಕಥೆ ಬರೆಯುವ ಮೊದಲು ಅವ್ವನನ್ನೂ ಕೇಳಿದ್ದೇವೆ, ವೈನಿಯನ್ನೂ ಕೇಳಿದ್ದೇವೆ. ಇಬ್ಬರೂ ಹೆಸರು ಹಾಕಬೇಡಿ ಅಂದರು, ಹಾಕಿಲ್ಲ. ಅಣ್ಣನನ್ನು ಕೇಳಲಿಲ್ಲ. ಅವನು ನಮ್ಮ ಫೋನು ಎತ್ತುವುದಿಲ್ಲ. ನಾವು ಅಂದರೆ ಅಣ್ಣನ ಬೆನ್ನಿಗೆ ಹುಟ್ಟಿದ ಇಬ್ಬರು.

ವೈನಿ ಕಲಬುರಗಿಯವರು. ಮದುವೆಯಾಗಿ ಐದು ವರ್ಷ ಕಮಲಾಪುರದಲ್ಲಿ ನಮ್ಮ ಜೊತೆಯೇ ಇದ್ದರು. ಎರಡನೇ ಲಾಕ್‌ಡೌನ್ ಮುಗಿದ ಮೇಲೆ, 2021ರಲ್ಲಿ, ಒಂದು ದಿನ ಅವರ ತಮ್ಮ ಗಾಡಿ ತಂದ. ಅವರು ಮೂರು ವರ್ಷದ ಮಗಳನ್ನು ಎತ್ತಿಕೊಂಡು ಕೂತರು, ಹೋದರು. ಅಣ್ಣ ಕುಡಿಯುತ್ತಿದ್ದ. ಕೈಯೂ ಎತ್ತುತ್ತಿದ್ದ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಗೊತ್ತಿದೆ ಅನ್ನುತ್ತಿರಲಿಲ್ಲ. ಓಣಿಯಲ್ಲಿ ಕೇಳಿದವರಿಗೆ ಅವ್ವ "ಸೊಸಿಗಿ ಹಳ್ಳಿ ಒಗ್ಗಲಿಲ್ಲ" ಅಂತ ಹೇಳುತ್ತಿದ್ದಳು. ನಾವೂ ಅದನ್ನೇ ಹೇಳಿದೆವು.

ಮೊದಲ ಆರು ತಿಂಗಳು ಸಿಟ್ಟಿನಲ್ಲೇ ಹೋಯಿತು. ಆಮೇಲೆ ಮನೆ ಸುಮ್ಮನಾಯಿತು. ಕೂಸಿನ ಸಣ್ಣ ಚಪ್ಪಲಿ ಬಾಗಿಲ ಮೂಲೆಯಲ್ಲೇ ಇತ್ತು, ಅವ್ವ ಅದನ್ನು ಕಸ ಹೊಡೆಯುವಾಗ ಎತ್ತಿಟ್ಟು ಮತ್ತೆ ಅಲ್ಲೇ ಇಡುತ್ತಿದ್ದಳು. ಅಪ್ಪ ಹೊಲದಿಂದ ಬಂದವನೇ "ಏನರ ಫೋನ್ ಬಂದಿತ್ತೇನು" ಅನ್ನುತ್ತಿದ್ದ. ಬಂದಿರುತ್ತಿರಲಿಲ್ಲ. ವೈನಿ ನಂಬರ್ ಬದಲಿಸಿದ್ದರು.

2023ರ ಜೂನ್ 11ಕ್ಕೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು. ಅದಾಗಿ ಸ್ವಲ್ಪ ದಿನಕ್ಕೆ ಅವ್ವ ವಾರಕ್ಕೊಮ್ಮೆ ಕಲಬುರಗಿಗೆ ಹೋಗತೊಡಗಿದಳು. ಶರಣಬಸವೇಶ್ವರ ಗುಡಿಗೆ ಅಂತ ಹೇಳಿ ಹೋಗುತ್ತಿದ್ದಳು. ಹೋಗುತ್ತಿದ್ದದ್ದು ಮೊಮ್ಮಗಳ ಶಾಲೆಯ ಗೇಟಿಗೆ. ಯಾರಿಂದಲೋ ಶಾಲೆಯ ಹೆಸರು ತಿಳಿದಿತ್ತು. ಬಿಡುವ ಹೊತ್ತಿಗೆ ಎದುರಿನ ಕಟ್ಟೆಯ ಮೇಲೆ ಕೂತು, ಸೆರಗು ಮುಖಕ್ಕೆಳೆದುಕೊಂಡು ನೋಡಿ ಬರುತ್ತಿದ್ದಳು. ಮಾತಾಡಿಸುತ್ತಿರಲಿಲ್ಲ. ನಾಲ್ಕನೇ ವಾರ ತಡೆಯಲಾಗದೆ ಹೆಸರು ಹಿಡಿದು ಕರೆದಳು. ಕೂಸು ತಿರುಗಿ ನೋಡಿತು, ಗುರುತು ಹಿಡಿಯಲಿಲ್ಲ, ಹೆದರಿ ಅಳತೊಡಗಿತು. ಗೇಟಿನವನು ಬಂದು ಅವ್ವನನ್ನು ದೂರ ಕಳಿಸಿದ. ಆ ಸಂಜೆಯೇ ವೈನಿಯ ತಮ್ಮ ಹೊಸ ನಂಬರಿನಿಂದ ಅಪ್ಪನಿಗೆ ಫೋನ್ ಮಾಡಿ, ಇನ್ನೊಮ್ಮೆ ಶಾಲೆ ಹತ್ತಿರ ಬಂದರೆ ಪೊಲೀಸರಿಗೆ ಹೇಳುತ್ತೇವೆ ಅಂದ.

ಅವ್ವ ಅವತ್ತು ಊಟ ಮಾಡಲಿಲ್ಲ. ಅವಳಿಗೆ ಬೈಗುಳ ತಾಗಿರಲಿಲ್ಲ. "ಕೂಸು ನನ್ನ ಗುರ್ತ ಹಿಡೀಲಿಲ್ಲ" ಅನ್ನುವುದೊಂದೇ ಮಾತು.

ಈಗ ನಮ್ಮ ತಪ್ಪಿನ ಮಾತು. ಓದಿದವರು ನಾವು, ಪೆನ್ನು ಹಿಡಿಯಲು ಬರುವವರು. ಅವತ್ತು ರಾತ್ರಿಯೇ ಕೂತು ಒಂದು ದೂರು ಬರೆದೆವು. ಮೊಮ್ಮಗಳನ್ನು ಬಚ್ಚಿಟ್ಟಿದ್ದಾರೆ, ಅಜ್ಜ ಅಜ್ಜಿಯ ಹಕ್ಕು ಕಿತ್ತುಕೊಂಡಿದ್ದಾರೆ, ಹೀಗೆ ಎರಡು ಪುಟ. ಅದರಲ್ಲಿ ಅಣ್ಣನ ಕುಡಿತದ ಸುದ್ದಿಯೇ ಇರಲಿಲ್ಲ. ಪುಣ್ಯಕ್ಕೆ ಅದನ್ನು ಕೊಡುವ ಮೊದಲು ಪರಿಚಯದ ಒಬ್ಬ ವಕೀಲರಿಗೆ ತೋರಿಸಿದೆವು. ಅವರು ಓದಿ ಕಾಗದ ಮಡಚಿ ವಾಪಸ್ ಕೊಟ್ಟರು. "ಹಕ್ಕು ಅಂತ ಬರದೀರಲ್ಲ, ಯಾವ ಹಕ್ಕು ಹೇಳ್ರಿ ನೋಡೋಣ" ಅಂದರು.

ನಮಗೆ ಹೇಳಲು ಬರಲಿಲ್ಲ. ಆಮೇಲೆ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇವೆ. ಇಂಥ ಮನೆ ನಿಮ್ಮೂರಲ್ಲೂ ಒಂದೆರಡು ಇರುತ್ತವೆ.

ಹಿಂದೂಗಳಿಗೆ ಇರುವ ಕಾನೂನು 1956ರದು. ಅದರಲ್ಲಿ ಮಗುವಿನ ಸಹಜ ಪಾಲಕರು ಅಂದರೆ ಅಪ್ಪ, ಅವನ ನಂತರ ಅವ್ವ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು. ಅಜ್ಜ ಅಜ್ಜಿಯ ಹೆಸರು ಆ ಪಟ್ಟಿಯಲ್ಲೇ ಇಲ್ಲ. ಮುಸ್ಲಿಮರಲ್ಲಿ ಬೇರೆ. ಹನಫಿ ಪದ್ಧತಿಯಲ್ಲಿ ತಾಯಿ ಇಲ್ಲದಾಗ ಸಣ್ಣ ಮಗುವನ್ನು ಸಾಕುವ ಹಕ್ಕು ಮೊದಲು ತಾಯಿಯ ತಾಯಿಗೆ, ಆಮೇಲೆ ಅಪ್ಪನ ತಾಯಿಗೆ ಬರುತ್ತದೆ. ಎಲ್ಲ ಧರ್ಮದವರಿಗೂ ಅನ್ವಯಿಸುವ ಇನ್ನೊಂದು ಹಳೆಯ ಕಾಯ್ದೆ ಇದೆ, 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಅಜ್ಜ ಅಜ್ಜಿ ಕೋರ್ಟಿಗೆ ಹೋಗುವುದಿದ್ದರೆ ಸಾಮಾನ್ಯವಾಗಿ ಇದರ ದಾರಿಯಲ್ಲೇ. ಅದೂ ಮಗು ಎಲ್ಲಿ ವಾಸವಿದೆಯೋ ಆ ಊರಿನ ಕೋರ್ಟಿಗೆ. ಮೊಮ್ಮಕ್ಕಳು ಪುಣೆಯಲ್ಲಿದ್ದರೆ ಪುಣೆಗೇ ಓಡಾಡಬೇಕು.

ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರೆ ಅಜ್ಜ ಅಜ್ಜಿಯ ಮಾತಿಗೆ ಬೇರೆಯೇ ತೂಕ ಬರುತ್ತದೆ. ಅಹಮದಾಬಾದಿನ ಒಬ್ಬ ಹುಡುಗ 2021ರ ಕೊರೊನಾದಲ್ಲಿ ಇಬ್ಬರನ್ನೂ ಕಳೆದುಕೊಂಡ. ಗುಜರಾತ್ ಹೈಕೋರ್ಟು ಅವನನ್ನು ಚಿಕ್ಕಮ್ಮನಿಗೆ ಕೊಟ್ಟಿತ್ತು, ಅಜ್ಜ ಅಜ್ಜಿಗೆ ವಯಸ್ಸಾಗಿದೆ ಅನ್ನುವುದೂ ಒಂದು ಕಾರಣ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಅಪ್ಪನ ಕಡೆಯ ಅಜ್ಜ ಅಜ್ಜಿಗೇ ಕೊಟ್ಟಿತು. ವಯಸ್ಸು, ಆದಾಯ ಎರಡನ್ನೇ ನೋಡಿ ಅಜ್ಜ ಅಜ್ಜಿಯನ್ನು ಬೇಡ ಅನ್ನಲಾಗದು ಅಂತ. ಇದನ್ನು ಓದಿ ನಾವು ಕುಣಿದೆವು. ವಕೀಲರು, "ಆ ಹುಡುಗಗ ತಾಯಿ ಇಲ್ರಿ, ನಿಮ್ಮ ಕೂಸಿಗಿ ತಾಯಿ ಅದಾಳ" ಅಂದರು. ಕುಣಿತ ನಿಂತಿತು.

ಅವರು ಅಮೆರಿಕದ ಒಂದು ತೀರ್ಪಿನ ಸುದ್ದಿಯನ್ನೂ ಹೇಳಿದರು. ಮಗ ತೀರಿಕೊಂಡ ಮೇಲೆ ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ತಿಂಗಳಿಗೆ ಎರಡು ವಾರಾಂತ್ಯ ತಮ್ಮ ಮನೆಗೆ ಕಳಿಸಬೇಕು ಅಂತ ಕೇಳಿದ್ದರು. ತಾಯಿ ತಿಂಗಳಿಗೊಮ್ಮೆ ಸಾಕು ಅಂದಿದ್ದಳು. 2000ದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತಾಯಿಯ ಪರ ನಿಂತಿತು. ಫ್ರಾನ್ಸಿನಲ್ಲಿ ಹಂಗಲ್ಲ, ಅಲ್ಲಿ ಅಜ್ಜ ಅಜ್ಜಿಯ ಜೊತೆ ಒಡನಾಟ ಇಟ್ಟುಕೊಳ್ಳುವುದು ಮಗುವಿನ ಹಕ್ಕು ಅಂತ ಕಾನೂನಿನಲ್ಲೇ ಬರೆದಿದೆ. ಗಮನಿಸಿ, ಮಗುವಿನ ಹಕ್ಕು. ನಮ್ಮ ದೇಶದ ಕಾನೂನು ಆಯೋಗವೂ 2015ರ ತನ್ನ 257ನೇ ವರದಿಯಲ್ಲಿ ಅಜ್ಜ ಅಜ್ಜಿ ಮೊಮ್ಮಕ್ಕಳ ಜೊತೆ ಕಳೆಯುವ ಸಮಯದ ಬಗ್ಗೆ ನಿಯಮ ಇರಲಿ ಅಂತ ಶಿಫಾರಸು ಮಾಡಿದೆ. ಅದು ಕಾಯ್ದೆಯಾಗಿಲ್ಲ.

ಹಾಗಾದರೆ ಏನು ಮಾಡುವುದು? ಕೇಸು ಹಾಕದೆಯೇ ರಾಜಿಗೆ ಕೂಡಿಸಿ ಅಂತ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಪುಕ್ಕಟೆ. ಉಳಿದ ಗಂಡಸರಲ್ಲಿ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ಅದಕ್ಕೇ ಅರ್ಜಿ ಅವ್ವನ ಹೆಸರಲ್ಲಿ ಬರೆಸಿದೆವು. 15100 ನಂಬರಿಗೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ, ರೊಕ್ಕ ಬೀಳುವುದಿಲ್ಲ.

ಮೊದಲ ಸಲ ಕೂತಾಗ ವೈನಿ ಬಂದರು, ಮುಖ ಎತ್ತಲಿಲ್ಲ. ಮಾತು ಮುರಿಯುವ ಹೊತ್ತಿಗೆ ಅವ್ವನ ಕಡೆ ತಿರುಗಿ ಕೇಳಿದರು: "ಅತ್ತಿ, ನಿಮಗ ಮೊಮ್ಮಗಳು ಬೇಕು. ನಾ ನಿಮ್ಮ ಮನ್ಯಾಗ ಐದು ವರ್ಷ ಇದ್ದೆ. ಆತ ಹೊಡದಾಗ ನೀವು ಒಳಗ ಹೋಗಿ ಬಾಗಲಾ ಹಾಕ್ಕೋತಿದ್ರಿ. ಅವಾಗ ನಾ ಯಾರ ಗೇಟಿಗೆ ಬಂದು ಕೂಡಬೇಕಿತ್ರಿ?"

ಅವ್ವ ಉತ್ತರ ಕೊಡಲಿಲ್ಲ. ಹಾಗೇ ಎದ್ದು ಬಂದೆವು. ಬಸ್ಸಿನಲ್ಲಿ ಕಮಲಾಪುರ ಬರುವ ತನಕ ಅವಳು ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ, "ಖರೆ ಅಂದ್ಳು" ಅಂದಳು.

ಆ ವರ್ಷದ ತೊಗರಿ ಮಾರಿದ ರೊಕ್ಕ ಬಂದಾಗ ಅಪ್ಪ ಯಾರಿಗೂ ಹೇಳದೆ ಕಲಬುರಗಿಗೆ ಹೋದ. ವೈನಿಯ ತವರಿನವರು ಮದುವೆಯಲ್ಲಿ ಹಾಕಿದ್ದ ಎರಡು ತೊಲಿ ಬಂಗಾರವನ್ನು ಅಣ್ಣ ಅಡ ಇಟ್ಟಿದ್ದ. ಅಪ್ಪ ಅದನ್ನು ಬಿಡಿಸಿಕೊಂಡು ನೇರವಾಗಿ ಅವರ ಮನೆಗೆ ಹೋಗಿ ವೈನಿಯ ಕೈಗಿಟ್ಟ. ಅವ್ವ ಮರುವಾರ ಅವರ ಭಾಂಡೆ, ಅಲಮಾರ ಟೆಂಪೋದಲ್ಲಿ ಹಾಕಿ ಕಳಿಸಿದಳು. ಇದನ್ನು ಮಾಡಿ ಅಂತ ರಾಜಿ ಕೂಡಿಸಿದವರು ಹೇಳಿರಲಿಲ್ಲ. ಮೊಮ್ಮಗಳನ್ನು ತೋರಿಸು ಅಂತ ಅಪ್ಪನೂ ಅವತ್ತು ಕೇಳಲಿಲ್ಲ. ಚಹಾ ಕುಡಿದು ಬಂದನಂತೆ.

ಅಣ್ಣ ಇದಕ್ಕಾಗಿ ಮನೆ ಬಿಟ್ಟ. "ನನ್ನ ಬಿಟ್ಟು ಅಕಿ ಕಡೆ ಆದ್ರಿ" ಅಂದ. ಈಗ ಹೈದರಾಬಾದಿನಲ್ಲಿ ಇದ್ದಾನೆ ಅಂತ ಗೆಳೆಯರಿಂದ ಗೊತ್ತು. ಅಪ್ಪ ಅವನ ಹೆಸರು ಎತ್ತುವುದಿಲ್ಲ, ಆದರೆ ಹಬ್ಬದ ದಿನ ಫೋನು ಕೈಯಲ್ಲೇ ಇಟ್ಟುಕೊಂಡು ಕೂಡುತ್ತಾನೆ. ಮೊಮ್ಮಗಳ ದಾರಿ ತೆರೆಯಲು ಹೋಗಿ ಮಗನ ದಾರಿ ಮುಚ್ಚಿತು ಅನ್ನುವವರು ಓಣಿಯಲ್ಲಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಆ ದಾರಿ ಅವನೇ ಮುಚ್ಚಿಕೊಂಡದ್ದು. ಅವ್ವನಿಗೆ ಏನನ್ನಿಸುತ್ತದೆ ಅಂತ ಕೇಳುವ ಧೈರ್ಯ ಮಾತ್ರ ನಮಗೆ ಬಂದಿಲ್ಲ.

ಎರಡನೇ ಸಲ ಕೂತಾಗ ಹೆಚ್ಚು ಹೊತ್ತು ಹಿಡಿಯಲಿಲ್ಲ. ತಿಂಗಳ ಎರಡನೇ ರವಿವಾರ ಎರಡು ತಾಸು, ಶರಣಬಸವೇಶ್ವರ ಗುಡಿಯಲ್ಲಿ, ವೈನಿ ಅಥವಾ ಅವರ ತಾಯಿ ಜೊತೆಗಿದ್ದು. ಗುರುವಾರ ಸಂಜೆ ಒಂದು ವಿಡಿಯೋ ಕಾಲ್. ಅಣ್ಣನ ಸುದ್ದಿ ಕೂಸಿನ ಮುಂದೆ ತೆಗೆಯಬಾರದು. ಅದರ ತಾಯಿಯ ಬಗ್ಗೆ ಕೆಟ್ಟ ಮಾತು ಆಡಬಾರದು. ವಿಡಿಯೋ ಕಾಲಿನ ವಿಚಾರ ವಕೀಲರೇ ಸೂಚಿಸಿದ್ದು. ಬೇರೆ ಬೇರೆ ಊರಲ್ಲಿರುವ ಗಂಡ ಹೆಂಡತಿಯ ಒಂದು ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟು, ಮಗುವಿನ ಜೊತೆ ಸಂಪರ್ಕಕ್ಕೆ ವಿಡಿಯೋ ಕಾಲ್ ಎಲ್ಲಕ್ಕಿಂತ ಒಳ್ಳೆಯದು ಅಂದಿತ್ತಂತೆ. ಅದು ಅಪ್ಪ ಅವ್ವನ ವಿಷಯದಲ್ಲಿ ಹೇಳಿದ ಮಾತು. ನಾವು ಅದನ್ನು ಅಜ್ಜಿಗೂ ಎಳೆದುಕೊಂಡೆವು, ವೈನಿ ಒಪ್ಪಿದರು.

ಮೊದಲ ರವಿವಾರ ಕೂಸು ಅವ್ವನ ಹತ್ತಿರ ಬರಲಿಲ್ಲ. ವೈನಿಯ ಸೀರೆ ಹಿಡಿದು ನಿಂತಿತ್ತು. ಅವ್ವ ಕರೆಯಲೂ ಇಲ್ಲ, ಗೇಟಿನ ಅಂಜಿಕೆ ಅವಳಿಗೆ ಇನ್ನೂ ಇತ್ತು. ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ಅಪ್ಪನಿಗೆ ಕೊಟ್ಟಳು, ತಾನೂ ತಿಂದಳು. ಕೆಂಪು ಸಿಪ್ಪೆ ನೋಡಿ ಕೂಸಿಗೆ ಕುತೂಹಲ. "ಇದ್ಯಾಕ ಕೆಂಪದ?" ಅಂತ ವೈನಿಯನ್ನು ಕೇಳಿತು. ವೈನಿ, "ನಿಮ್ಮ ಆಯಿಗಿ ಕೇಳು" ಅಂದರು.

ಅಲ್ಲಿಂದ ಈಚೆಗೆ ಒಂದೂವರೆ ವರ್ಷವಾಯಿತು. ಮೂರು ರವಿವಾರ ತಪ್ಪಿವೆ. ಒಮ್ಮೆ ಕೂಸಿಗೆ ಜ್ವರ, ಒಮ್ಮೆ ಅಪ್ಪನಿಗೆ, ಇನ್ನೊಮ್ಮೆ ವೈನಿ ಕಾರಣ ಹೇಳಲಿಲ್ಲ, ಅವ್ವ ಕೇಳಲಿಲ್ಲ. ಗುರುವಾರದ ಕಾಲಿನಲ್ಲಿ ಅವ್ವ ಫೋನನ್ನು ಎಷ್ಟು ಹತ್ತಿರ ಹಿಡಿಯುತ್ತಾಳೆಂದರೆ ಆ ಕಡೆ ಕೂಸಿಗೆ ಬರೀ ಹಣೆಯ ಕುಂಕುಮ ಕಾಣುತ್ತದೆ. "ಆಯಿ, ದೂರ ಹಿಡಿ" ಅಂತ ಅದು ಚೀರುತ್ತದೆ.

ದಸರಾ ರಜೆಗೆ ನಾಲ್ಕು ದಿನ ಕಮಲಾಪುರಕ್ಕೆ ಕಳಿಸಿ ಅಂತ ಅವ್ವ ಕಳೆದ ತಿಂಗಳು ಕೇಳಿದ್ದಾಳೆ. ವೈನಿ ಹೂಂ ಅಂದಿಲ್ಲ, ಊಹೂಂ ಅನ್ನಲೂ ಇಲ್ಲ. "ಆತ ಬರ್ತಾನೇನ್ರಿ?" ಅಂತ ಮಾತ್ರ ಕೇಳಿದರು. ಇಲ್ಲ ಅಂದಳು ಅವ್ವ. ಒಂದು ದಿನ ತಾನೇ ಕರೆದುಕೊಂಡು ಬಂದು ಸಂಜೆ ವಾಪಸ್ ಹೋಗುವುದಾದರೆ ನೋಡೋಣ ಅಂದಿದ್ದಾರೆ. ಅಪ್ಪ ಆಗಲೇ ಬಚ್ಚಲಮನೆಯ ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದಾನೆ.